ಶ್ರೀಹರಿಯ ಅಮೆರಿಕನ್ ಮೆಡಿಕಲ್ ಸೀಟು

ಪರ್ತ್‌ನ ಥಾರ್ನ್ಲಿಯಲ್ಲಿರುವ ಗೋಪಾಲಕೃಷ್ಣ ಅಂಕಲ್ ತಮ್ಮ ಹಿತ್ತಲಿನ ಗಿಡದಿಂದ ಆರು ನಿಂಬೆಹಣ್ಣು ಕಿತ್ತು ಚೀಲಕ್ಕೆ ಹಾಕದೇ ಇದ್ದಿದ್ದರೆ, ಪಕ್ಕದ ಮನೆಯ ಶ್ರೀಹರಿ ಆ ಶನಿವಾರ ಅಡಿಲೇಡಿನ ಇಂಟರ್‌ವ್ಯೂಗೆ ತನ್ನದೇ ಕೋಟು ಹಾಕಿಕೊಂಡು ಹೋಗುತ್ತಿದ್ದ. ಆದರೆ ಅಂಕಲ್ ಕಿತ್ತರು. ಬೆಳಗಿನ ನಾಲ್ಕೂವರೆಗೆ ಟಾರ್ಚು ಹಿಡಿದುಕೊಂಡು, ಒಳ್ಳೊಳ್ಳೆಯದನ್ನೇ ಆರಿಸಿ ಕಿತ್ತರು.

"ನಮ್ಮ ಚೈತನ್ಯಾ ಅಡಿಲೇಡಲ್ಲಿದಾಳಲ್ಲಪ್ಪ, ಐದು ತಿಂಗಳ ಬಸುರಿ. ನಮ್ಮನೆ ನಿಂಬೆಹಣ್ಣಿನ ಚಿತ್ರಾನ್ನವೇ ಬೇಕಂತೆ ಅವಳಿಗೆ. ಹೆಂಗೂ ನೀನು ಹೋಗ್ತಿದೀಯ. ಅವಳೇ ಏರ್‌ಪೋರ್ಟಿಗೆ ಬರ್ತಾಳೆ. ಹಿಂಗೆ ಕೊಟ್ಟು ಹಂಗೆ ಹೋಗ್ಬಿಡು," ಎಂದರು.

ನಿಂಬೆಹಣ್ಣಿನ ಜೊತೆ ಹಸಿಮೆಣಸಿನಕಾಯಿ ಇತ್ತು, ಒಂದು ಕಿಲೋ ಚಟ್ನಿಪುಡಿಯೂ ಇತ್ತು. ಶ್ರೀಹರಿ ವಿಮಾನದಲ್ಲಿ ಕೈಚೀಲ ಮಾತ್ರ ಒಯ್ಯುವ ಟಿಕೆಟ್ ಮಾಡಿಸಿದ್ದ. ಹೀಗಾಗಿ ಅವನ ತಾಯಿ ರುಕ್ಮಿಣಿ ಇಸ್ತ್ರಿ ಮಾಡಿದ ಕೋಟಿನ ಮಡಿಕೆಯಲ್ಲೇ ಚಟ್ನಿಪುಡಿಯ ಪೊಟ್ಟಣವನ್ನು ಮಗುವಿನ ಹಾಗೆ ಮಲಗಿಸಿ ಜಿಪ್ ಎಳೆದರು.

"ಅಮ್ಮಾ, ಇಂಟರ್‌ವ್ಯೂ ಕೋಟದು."

"ಅದಕ್ಕೇ ಮೆತ್ತಗಿರಲಿ ಅಂತ ಇಟ್ಟೆ," ಎಂದರು ರುಕ್ಮಿಣಿ.

ಆ ಇಂಟರ್‌ವ್ಯೂಗಾಗಿ ಶ್ರೀಹರಿ ಎರಡು ವರ್ಷ ಕಾದಿದ್ದ. ಅವನಿಗೆ ಇಪ್ಪತ್ತನಾಲ್ಕು. ಹುಟ್ಟಿದ್ದು ಅಮೆರಿಕದ ಒಹಾಯೋದಲ್ಲಿ. ಅಪ್ಪನ ಕೆಲಸ ಮುಗಿದು ಒಂದೂವರೆ ವರ್ಷದ ಮಗುವಾಗಿ ಮೈಸೂರಿಗೆ ಬಂದ, ಹನ್ನೆರಡಕ್ಕೆ ಪರ್ತ್‌ಗೆ ಬಂದ. ಬ್ರಿಸ್ಬೇನಿನಲ್ಲಿ ಬಯೋಮೆಡಿಕಲ್ ಸೈನ್ಸ್ ಡಿಗ್ರಿ ಮುಗಿಸಿ, ಇಲ್ಲಿನ ಮೆಡಿಕಲ್ ಪ್ರವೇಶ ಪರೀಕ್ಷೆಯನ್ನು ಎರಡು ಸಲ ಬರೆದು, ಎರಡು ಸಲವೂ ಹೊಸ್ತಿಲ ಹತ್ತಿರದವರೆಗೆ ಹೋಗಿ ವಾಪಸು ಬಂದಿದ್ದ. ಸದ್ಯ ಪರ್ತ್‌ನ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಮಂಚ ತಳ್ಳುವ ಕೆಲಸ. ಕೈಯಲ್ಲಿ ಅಮೆರಿಕದ ಪಾಸ್‌ಪೋರ್ಟ್ ಇತ್ತು. ಅಲ್ಲಿನ ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ಅಂಕವೂ ಬಂತು. ಇಪ್ಪತ್ತೆರಡು ಅಮೆರಿಕನ್ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಿದ.

ಅರ್ಜಿ ತುಂಬಲು ಗೋಪಾಲಕೃಷ್ಣ ಅಂಕಲ್ ತಾವಾಗೇ ಬಂದು ಕೂತರು. ಮೈಸೂರಿನಲ್ಲಿ ಇಪ್ಪತ್ತು ವರ್ಷ ಹೆಡ್‌ಮಾಸ್ತರಾಗಿದ್ದವರು. ಖಾಲಿ ಫಾರಂ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. 'ವಿಜ್ಞಾನದಲ್ಲಿ ಎಷ್ಟು ಕ್ರೆಡಿಟ್ ಪಡೆದಿದ್ದೀರಿ?' ಎಂದು ಅಮೆರಿಕ ಕೇಳಿತ್ತು. ಅಮೆರಿಕದಲ್ಲಿ ಕ್ರೆಡಿಟ್ ಎಂದರೆ ಓದಿದ ಪಾಠದ ಅಳತೆ, ಡಿಗ್ರಿಗೆ ನೂರಿಪ್ಪತ್ತು ಇರಬೇಕು. ಬ್ರಿಸ್ಬೇನಿನ ಅಂಕಪಟ್ಟಿಯಲ್ಲಿ 'ಕ್ರೆಡಿಟ್' ಎಂದರೆ ನಮ್ಮಲ್ಲಿನ ಫಸ್ಟ್ ಕ್ಲಾಸ್ ಥರದ ಒಂದು ದರ್ಜೆ. ಅಂಕಲ್ ಕನ್ನಡಕ ಏರಿಸಿ, ಅಂಕಪಟ್ಟಿಯ ಮೇಲೆ ಬೆರಳಿಟ್ಟು ಆ ಪದ ಎಷ್ಟು ಕಡೆ ಇದೆ ಎಂದು ಎಣಿಸಿ 'ಏಳು' ಎಂದು ಬರೆದರು. ಆ ಏಳನ್ನು ಹೊತ್ತ ಅರ್ಜಿ ಹನ್ನೊಂದು ಕಾಲೇಜು ತಲುಪಿದ ಮೇಲೆ ವಿಷಯ ಗೊತ್ತಾಯಿತು.

ಸರಾಸರಿಯದು ಇನ್ನೊಂದು ರಾಮಾಯಣ. ಬ್ರಿಸ್ಬೇನಿನಲ್ಲಿ ಅದನ್ನು ಏಳಕ್ಕೆ ಲೆಕ್ಕ ಹಾಕುತ್ತಾರೆ, ಅಮೆರಿಕದಲ್ಲಿ ನಾಲ್ಕಕ್ಕೆ. ಶ್ರೀಹರಿಯದು ಐದು ಪಾಯಿಂಟ್ ಒಂಬತ್ತು. 'ನಾಲ್ಕಕ್ಕೆ ಐದು ಪಾಯಿಂಟ್ ಒಂಬತ್ತು ಹೇಗೆ ಬಂತು, ದಯವಿಟ್ಟು ವಿವರಿಸಿ' ಎಂದು ಒಂದು ಕಾಲೇಜು ಬರೆಯಿತು. ಅವನು ಎರಡು ಪುಟ ವಿವರಿಸಿದ. ಆಮೇಲೆ ಅವರು ಬರೆಯಲಿಲ್ಲ. ಮಿಕ್ಕವರು ನೇರವಾಗಿಯೇ ಹೇಳಿದರು: ಹೊರದೇಶದ ಡಿಗ್ರಿ ನಮಗಾಗುವುದಿಲ್ಲ, ಇಲ್ಲಿಯ ಕಾಲೇಜಿನಲ್ಲಿ ಒಂದು ವರ್ಷವಾದರೂ ಮತ್ತೆ ಕೆಮಿಸ್ಟ್ರಿ, ಫಿಸಿಕ್ಸ್ ಓದಿ ಬಾ.

ಹೀಗೆ ಇಪ್ಪತ್ತೊಂದು ಬಾಗಿಲು ಮುಚ್ಚಿದವು. ಇಪ್ಪತ್ತೆರಡನೆಯದು ಒಹಾಯೋದ ಒಂದು ಸಣ್ಣ ಕಾಲೇಜು. 'ನಿಮ್ಮ ಡಿಗ್ರಿ ನಡೆಯುತ್ತದೆ. ನಮ್ಮ ಹಳೆಯ ವಿದ್ಯಾರ್ಥಿ ಡಾಕ್ಟರ್ ಗುರುದತ್ ಆಗಸ್ಟಿನಲ್ಲಿ ಕಾನ್ಫರೆನ್ಸಿಗೆ ಅಡಿಲೇಡಿಗೆ ಬರುತ್ತಾರೆ. ಶನಿವಾರ ಮಧ್ಯಾಹ್ನ ಒಂದೂವರೆಗೆ ಅವರನ್ನು ಕಾಣಿ' ಎಂದು ಬರೆದರು. ಹೆಸರು ಓದಿದ ಕೂಡಲೇ ಗೋಪಾಲಕೃಷ್ಣ ಅಂಕಲ್, "ನಮ್ಮೋರೇ," ಎಂದು ಅರ್ಧ ಸೀಟು ಕೊಟ್ಟೇಬಿಟ್ಟರು.

ಶ್ರೀಹರಿ ಯಾರಿಗೂ ಹೇಳದ ಮಾತೊಂದಿತ್ತು. ಅವನಿಗೆ ಡಾಕ್ಟರಾಗಬೇಕಿತ್ತು, ನಿಜ. ಅದರ ಜೊತೆಗೆ, ಜೀವನದಲ್ಲಿ ಒಮ್ಮೆಯಾದರೂ, ಅವನು ಎಷ್ಟು ಹೊತ್ತಿಗೆ ಮನೆಗೆ ಬಂದ ಎಂದು ಯಾರೂ ಕೇಳದ ಊರಿನಲ್ಲಿ ಇರಬೇಕಿತ್ತು. ಡಿಗ್ರಿಯ ಮೂರು ವರ್ಷ ಅವನು ಬ್ರಿಸ್ಬೇನ್ ಪಕ್ಕದ ಇಪ್ಸ್‌ವಿಚ್‌ನಲ್ಲಿ, ಅಮ್ಮನ ತಂಗಿ ಮಧುರಾ ಚಿಕ್ಕಮ್ಮನ ಮನೆಯಲ್ಲಿದ್ದ. ಚಿಕ್ಕಮ್ಮ ಅಲ್ಲಿ ಕ್ಲಿನಿಕ್ಕಿನ ಡಾಕ್ಟರು. ಮಕ್ಕಳಿಲ್ಲದ ಅವರು ಮೂರು ಮಕ್ಕಳಿಗಾಗುವಷ್ಟು ಪ್ರೀತಿಯನ್ನು ಇವನೊಬ್ಬನ ತಟ್ಟೆಗೇ ಬಡಿಸಿದ್ದರು. ಟ್ರೇನು ನಾಲ್ಕು ನಿಮಿಷ ತಡವಾದರೆ ಫೋನು. ಸ್ನೇಹಿತರ ಮನೆಯ ಹಿತ್ತಲಲ್ಲಿ ಸುಟ್ಟು ತಿನ್ನುವ ಬಾರ್ಬೆಕ್ಯೂ ಊಟಕ್ಕೆ ಹೋದರೆ, ಮಾಂಸ ಸುಟ್ಟ ಹೆಂಚಿನ ಮೇಲೆ ಇವನ ಅಡುಗೆ ಬೇಡವೆಂದು ಬೇರೆ ತವಾ ಹಿಡಿದುಕೊಂಡು ಅವರೂ ಬಂದಿದ್ದರು. ಅವನು ಎಲ್ಲಿದ್ದಾನೆಂದು ತೋರಿಸುವ ಆಪ್ ಒಂದನ್ನು ಅವನ ಫೋನಿನಲ್ಲಿ ಹಾಕಿಸಿದ್ದರು. ಅದನ್ನು ತೆಗೆದರೆ ಚಿಕ್ಕಮ್ಮ ನೊಂದುಕೊಳ್ಳುತ್ತಾರೆಂದು ಅವನು ಇನ್ನೂ ತೆಗೆದಿರಲಿಲ್ಲ.

ಪರ್ತ್ ಏರ್‌ಪೋರ್ಟಿನಲ್ಲಿ ವಿಮಾನ ಹತ್ತುವ ಮುಂಚೆ ಅಂಕಲ್ ಫೋನು ಮಾಡಿದರು. "ಒಂದೇ ಒಂದು ಸೂತ್ರ ನೆನಪಿಟ್ಕೋ. ಏನು ಕೇಳಿದ್ರೂ ಒಳ್ಳೇದೇ ಹೇಳು. ಯಾವ ಊರನ್ನೂ, ಯಾವ ಮನುಷ್ಯರನ್ನೂ ದೂರಬೇಡ. ದೂರೋ ಹುಡುಗನ್ನ ಅವರು ತಗೊಳಲ್ಲ."

"ಸರಿ ಅಂಕಲ್."

"ನನ್ನ ಬಗ್ಗೆ ಕೇಳಿದ್ರೂ ಅಷ್ಟೇ."

ಮೂರು ಗಂಟೆಯ ಹಾರಾಟದಲ್ಲಿ ಶ್ರೀಹರಿ ಉತ್ತರಗಳನ್ನು ಬಾಯಿಪಾಠ ಮಾಡಿದ. ಅಡಿಲೇಡಿನಲ್ಲಿ ಇಳಿಯುವಾಗ ಅವನ ಧೈರ್ಯ ಸಾಬೂನಿನ ನೊರೆಯ ಹಾಗೆ ಉಕ್ಕುತ್ತಿತ್ತು. ಹೊರಬಾಗಿಲ ಹತ್ತಿರ ಸಮವಸ್ತ್ರದ ಹೆಂಗಸೊಬ್ಬಳು ಮೇಜು ಹಾಕಿಕೊಂಡು ನಿಂತಿದ್ದಳು. ಪರ್ತ್ ಕಡೆಯ ಹಣ್ಣಿನ ನೊಣ ತಮ್ಮ ತೋಟಗಳಿಗೆ ಬರಬಾರದೆಂದು ಈ ರಾಜ್ಯದವರು ಹಣ್ಣು ತರಕಾರಿ ಒಳಗೆ ಬಿಡುವುದಿಲ್ಲ. ಗೋಡೆಯ ತುಂಬ ಬೋರ್ಡುಗಳಿದ್ದವು. ಬಾಯಿಪಾಠದಲ್ಲಿದ್ದ ಶ್ರೀಹರಿ ಒಂದನ್ನೂ ಓದಿರಲಿಲ್ಲ.

"ಹಣ್ಣೇನಾದರೂ ಇದೆಯಾ?" ಎಂದು ಕೇಳಿದಳು ಆಕೆ.

"ಇಲ್ಲ," ಎಂದ ಶ್ರೀಹರಿ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ನಿಂಬೆಹಣ್ಣನ್ನು ಅವನು ಯಾವತ್ತೂ ಹಣ್ಣಿನ ಪಟ್ಟಿಯಲ್ಲಿ ಇಟ್ಟವನೇ ಅಲ್ಲ.

ಬ್ಯಾಗು ತೆರೆಯಿತು. ಆರು ನಿಂಬೆಹಣ್ಣು ಮೇಜಿನ ಮೇಲೆ ಸಾಲಾಗಿ ಕೂತವು, ಪಕ್ಕದಲ್ಲಿ ಮೆಣಸಿನಕಾಯಿ. "ಇದು ಚಿತ್ರಾನ್ನಕ್ಕೆ," ಎಂದ ಶ್ರೀಹರಿ. ಆಕೆಗೆ ಅದರಿಂದ ಹೆಚ್ಚೇನೂ ತಿಳಿಯಲಿಲ್ಲ. ಅವನ ಮುಖ ನೋಡಿ ಪಾಪ ಎನಿಸಿರಬೇಕು, ದಂಡ ಹಾಕದೆ ಬುದ್ಧಿ ಹೇಳಿ, ನಿಂಬೆಹಣ್ಣನ್ನೂ ಮೆಣಸಿನಕಾಯಿಯನ್ನೂ ದೊಡ್ಡ ಡಬ್ಬಕ್ಕೆ ಹಾಕಿದಳು. ಆಮೇಲೆ ಕೋಟಿನ ಮಡಿಕೆಗೆ ಕೈಹಾಕಿ ಪೊಟ್ಟಣ ಹೊರತೆಗೆದಳು.

"ಇದೇನು?"

"ಪುಡಿ ಅಷ್ಟೇ. ಇದನ್ನ ತರಬಹುದು."

ತರಬಹುದು ಎಂದು ಆಕೆಗೂ ಗೊತ್ತಿತ್ತು. ಆದರೂ ನೋಡಬೇಕಲ್ಲ ಎಂದು ಗೋಪಾಲಕೃಷ್ಣ ಅಂಕಲ್ ಮೂರು ಸುತ್ತು ಬಿಗಿದಿದ್ದ ರಬ್ಬರ್‌ಬ್ಯಾಂಡ್ ಎಳೆದಳು. ರಬ್ಬರ್‌ಬ್ಯಾಂಡ್ ತುಂಡಾಯಿತು, ಪೊಟ್ಟಣ ಜಾರಿತು. ಒಂದು ಕಿಲೋ ಚಟ್ನಿಪುಡಿ ಕೆಂಪು ಮೋಡದ ಹಾಗೆ ಎದ್ದು, ನಿಧಾನವಾಗಿ, ಯಾವ ಆತುರವೂ ಇಲ್ಲದೆ, ಶ್ರೀಹರಿಯ ಕೋಟು, ಶರ್ಟು, ಟೈ ಮೇಲೆ ಇಳಿಯಿತು. ಆಕೆ ಸೀನಿದಳು. ಸಾಲಿನಲ್ಲಿದ್ದ ಹದಿನೈದು ಜನ ಒಬ್ಬರಾದ ಮೇಲೊಬ್ಬರು ಸೀನಿದರು. ಒಬ್ಬ ಮುದುಕ ಮಾತ್ರ ಮೂಗು ಎತ್ತಿ ವಾಸನೆ ನೋಡಿ, ಇದು ಎಲ್ಲಿ ಸಿಗುತ್ತದೆ ಎಂದು ಕೇಳಿದ.

ಹೊರಗೆ ಚೈತನ್ಯಾ ಕಾರಿನೊಂದಿಗೆ ಕಾಯುತ್ತಿದ್ದಳು. ಶ್ರೀಹರಿಯ ಅವತಾರ ನೋಡಿಯೂ ಅವಳು ಕೇಳಿದ್ದು ಒಂದೇ ಮಾತು. "ನಿಂಬೆಹಣ್ಣೆಲ್ಲಿ?"

ವಿಷಯ ಕೇಳಿದ ಮೇಲೆ ಅವಳು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತಳು. ಶ್ರೀಹರಿ ಗಡಿಯಾರ ನೋಡುತ್ತಾ ಸಮಾಧಾನ ಹೇಳಿದ. ಕೊನೆಗೆ ದಾರಿಯಲ್ಲಿ ತರಕಾರಿ ಅಂಗಡಿಗೆ ಹೋಗಿ ಡಜನ್ ನಿಂಬೆಹಣ್ಣು ತಂದುಕೊಟ್ಟ. "ಇದು ಅಪ್ಪನ ಗಿಡದ್ದಲ್ಲ," ಎಂದು ಅವಳು ಇನ್ನೊಂದು ಸುತ್ತು ಅತ್ತಳು. ಆದರೆ ಮನಸ್ಸು ಒಳ್ಳೆಯದು. ಮನೆಗೆ ಹೋದದ್ದೇ ತಡ, ಗಂಡ ಸತೀಶನ ಕೋಟು, ಬಿಳಿ ಶರ್ಟು ತಂದು ಶ್ರೀಹರಿಯ ಮುಂದೆ ಹಿಡಿದಳು.

ಸತೀಶ ಆರಡಿ ಮೂರಂಗುಲದ ಆಳು. ಶ್ರೀಹರಿ ಐದಡಿ ಐದು. ಎರಡು ಬೆಡ್‌ರೂಮಿನ ಮನೆಯಲ್ಲಿ ಒಬ್ಬನೇ ಬಾಡಿಗೆಗಿದ್ದ ಹಾಗೆ ಅವನು ಆ ಕೋಟಿನೊಳಗೆ ಓಡಾಡಿಕೊಂಡಿದ್ದ. ಚೈತನ್ಯಾ ತೋಳುಗಳನ್ನು ಒಳಕ್ಕೆ ಮಡಿಸಿ ಪಿನ್ನು ಹಾಕಿದಳು. "ಕೈ ಜಾಸ್ತಿ ಆಡಿಸ್ಬೇಡ," ಎಂದು ಎಚ್ಚರಿಸಿದಳು.

ನಾರ್ತ್ ಟೆರೇಸ್ ರಸ್ತೆಯಲ್ಲಿ ಡಾಕ್ಟರು ಇಳಿದುಕೊಂಡಿದ್ದ ಹೋಟೆಲು ತಲುಪುವಾಗ ಒಂದೂವರೆಗೆ ಎರಡೇ ನಿಮಿಷ ಇತ್ತು. ಲಾಬಿಯ ಮೂಲೆಯಲ್ಲಿ ತೆಳ್ಳಗಿನ, ನರೆಗೂದಲಿನ ಡಾಕ್ಟರ್ ಗುರುದತ್ ಫೈಲು ಹಿಡಿದು ಕೂತಿದ್ದರು. ಶ್ರೀಹರಿ ಕೈ ಕುಲುಕಲು ಹೋದ. ಬಲಗೈಯ ಪಿನ್ನು ಬಿಚ್ಚಿಕೊಂಡು ತೋಳು ಕೆಳಗಿಳಿಯಿತು. ಡಾಕ್ಟರು ಬಟ್ಟೆಯನ್ನೇ ಕುಲುಕಿದರು.

"ನಾಲ್ಕಕ್ಕೆ ಐದು ಪಾಯಿಂಟ್ ಒಂಬತ್ತು ತಗೊಂಡೋರು ನೀವೇನಾ?" ಎಂದು ಇಂಗ್ಲಿಷಿನಲ್ಲಿ ಶುರುಮಾಡಿದರು.

ಶ್ರೀಹರಿ ಏಳರ ಲೆಕ್ಕ ಹೇಳಿದ. ಅವರು ನಕ್ಕರು. ಅವನಿಗೂ ಸ್ವಲ್ಪ ಹಗುರವಾಯಿತು.

"ಡಾಕ್ಟರ್ ಯಾಕಾಗಬೇಕು?"

ಬಾಯಿಪಾಠ ಮಾಡಿದ ಉತ್ತರ ಗಂಟಲಲ್ಲೇ ಇತ್ತು, ಆದರೆ ಕೂದಲಲ್ಲಿ ಇನ್ನೂ ಉಳಿದಿದ್ದ ಚಟ್ನಿಪುಡಿಯ ಘಾಟಿಗೆ ಬಂದದ್ದು ಸೀನು. ಸೀನಿದ ರಭಸಕ್ಕೆ ಬಾಯಿಪಾಠ ಮರೆತುಹೋಯಿತು. ಅವನು ನಿಜವನ್ನೇ ಹೇಳಿದ. "ನಾನು ಮಂಚ ತಳ್ತೀನಿ ಸರ್. ವಾರ್ಡಿಂದ ಆಪರೇಷನ್ ಥಿಯೇಟರಿಗೆ ಆರು ನಿಮಿಷದ ದಾರಿ. ಡಾಕ್ಟರ ಹತ್ರ ಕೇಳೋಕೆ ಹೆದರಿದ ಪ್ರಶ್ನೆಗಳನ್ನೆಲ್ಲ ಜನ ಆ ಆರು ನಿಮಿಷದಲ್ಲಿ ನನ್ನ ಕೇಳ್ತಾರೆ. 'ನೋವಾಗುತ್ತಾ, ಎಚ್ಚರ ಆಗುತ್ತಾ, ಮಗಳು ಹೊರಗಡೇನೇ ಇರ್ತಾಳಾ' ಅಂತ. ಗೊತ್ತಿಲ್ಲ ಅಂದು ಅಂದು ಸಾಕಾಗಿದೆ. ಗೊತ್ತಿರೋನಾಗಿ ಆ ಆರು ನಿಮಿಷ ನಡೀಬೇಕು, ಅಷ್ಟೇ."

ಗುರುದತ್ ಬರೆಯುವುದನ್ನು ನಿಲ್ಲಿಸಿ ಅವನನ್ನೇ ನೋಡಿದರು. ಅಷ್ಟರಲ್ಲಿ ಫೋನು ನಡುಗಿತು. ಶ್ರೀಹರಿ ಕಟ್ ಮಾಡಿದ. ಮತ್ತೆ ನಡುಗಿತು. ಮೂರನೇ ಸಲಕ್ಕೆ ಡಾಕ್ಟರು, "ಎತ್ತಿ. ಮನೆಯಲ್ಲಿ ಏನಾದರೂ ಅವಸರ ಇರಬಹುದು," ಎಂದರು.

ಎತ್ತಿದ. ಪರದೆಯ ತುಂಬ ಮಧುರಾ ಚಿಕ್ಕಮ್ಮ.

"ಶ್ರೀ, ಅಡಿಲೇಡ್ ಹೋಟ್ಲಲ್ಲಿ ಏನ್ಮಾಡ್ತಿದೀಯ? ಊಟ ಆಯ್ತಾ? ಯಾರ ಕೋಟದು? ಕಣ್ಯಾಕೆ ಕೆಂಪಗಿದೆ?"

"ಚಿಕ್ಕಮ್ಮ, ಇಂಟರ್‌ವ್ಯೂಲಿದೀನಿ."

"ಹಾಗಾದ್ರೆ ಇಂಟರ್‌ವ್ಯೂ ಮಾಡೋರಿಗೆ ಊಟ ಆಗಿದ್ಯಾ?"

ಡಾಕ್ಟರ್ ಗುರುದತ್ ಮುಂದಕ್ಕೆ ಬಾಗಿ, ಮೂವತ್ತು ವರ್ಷ ಒಹಾಯೋದಲ್ಲಿದ್ದರೂ ಸವೆಯದ ಮೈಸೂರು ಕನ್ನಡದಲ್ಲಿ ಹೇಳಿದರು. "ಇನ್ನೂ ಇಲ್ಲಮ್ಮ. ಹೋಟ್ಲಿನವರು ಬರೀ ಎಲೆ ಸೊಪ್ಪು ಕೊಡ್ತಾರೆ."

ಅಲ್ಲಿಂದ ಮುಂದೆ ಶ್ರೀಹರಿ ಆ ಇಂಟರ್‌ವ್ಯೂನಲ್ಲಿ ಬೇಕಾದವನೇ ಆಗಿರಲಿಲ್ಲ. ಚಿಕ್ಕಮ್ಮ ಸರಸ್ವತಿಪುರಂನವರು, ಡಾಕ್ಟರು ಜಯಲಕ್ಷ್ಮೀಪುರಂನವರು. ಇಬ್ಬರೂ ಒಂದೇ ಬೇಕರಿಯ ಬನ್ನು ತಿಂದು ಬೆಳೆದವರು. "ಹೋಗಿ ಕಣ್ಣು ತೊಳ್ಕೊಂಡು ಬಾಪ್ಪ," ಎಂದರು ಡಾಕ್ಟರು. ಇಂಗ್ಲಿಷು ಹೋಗಿ ಕನ್ನಡದ 'ನೀನು' ಬಂದಿತ್ತು. ಶ್ರೀಹರಿ ತೊಳೆದುಕೊಂಡು, ಎರಡೂ ತೋಳಿಗೆ ಹೊಸದಾಗಿ ಪಿನ್ನು ಹಾಕಿಕೊಂಡು, ಕಾಲು ಗಂಟೆ ಬಿಟ್ಟು ಬಂದರೂ ಮಾತು ಮುಗಿದಿರಲಿಲ್ಲ. ಅವನನ್ನು ಕಂಡು ಅವರು ಫೋನು ವಾಪಸು ಕೊಟ್ಟರು.

"ಇನ್ನೊಂದು ಪ್ರಶ್ನೆ ಇದೆ," ಎಂದರು ಕನ್ನಡದಲ್ಲೇ. "ಬ್ರಿಸ್ಬೇನ್ ಹೆಂಗಿತ್ತು ನಿಂಗೆ? ಮೂರು ವರ್ಷ ಇದ್ಯಲ್ಲ."

ಇದು ಗುಣಪರೀಕ್ಷೆಯ ಪ್ರಶ್ನೆ ಎಂದು ಶ್ರೀಹರಿಗೆ ತಕ್ಷಣ ಹೊಳೆಯಿತು. ಅಂಕಲ್ ಹೇಳಿದ್ದು ಇದನ್ನೇ. ಅವನು ಬೆನ್ನು ನೆಟ್ಟಗೆ ಮಾಡಿ ಕೂತ. "ಬ್ರಿಸ್ಬೇನ್ ಬಿಟ್ಟು ಬರೋವಾಗ ಕಣ್ಣಲ್ಲಿ ನೀರು ಬಂದಿತ್ತು ಸರ್."

"ಸೆಕೆ ಜಾಸ್ತಿ ಅಂತಾರೆ?"

"ಮೈಗೆ ಒಳ್ಳೇದು."

"ಇಪ್ಸ್‌ವಿಚ್‌ನಿಂದ ದಿನಾ ಟ್ರೇನು, ಕಷ್ಟ ಆಗ್ಲಿಲ್ವಾ?"

"ಆ ಒಂದು ಗಂಟೇಲೇ ನಾನು ಓದಿದ್ದು ಸರ್."

"ಚಿಕ್ಕಮ್ಮ ಸ್ವಲ್ಪ ವಿಚಾರಿಸ್ಕೊಳೋದು ಜಾಸ್ತಿ, ಅಲ್ವಾ? ನಿಜ ಹೇಳು."

"ಅವರಂಥೋರ ಮನೇಲಿರೋಕೆ ಪುಣ್ಯ ಮಾಡಿರ್ಬೇಕು," ಎಂದ ಶ್ರೀಹರಿ. ಇಷ್ಟು ಸಲೀಸಾಗಿ ಬರುತ್ತಿದೆಯಲ್ಲ ಎಂದು ಅವನಿಗೇ ಹೆಮ್ಮೆಯಾಯಿತು. "ಮತ್ತೆ ಅಲ್ಲಿಗೆ ಹೋಗೋ ಅವಕಾಶ ಸಿಕ್ಕಿದ್ರೆ ನಿಂತ ಕಾಲಲ್ಲಿ ಹೋಗ್ತೀನಿ."

ಗುರುದತ್ ಫೈಲಿನಲ್ಲಿ ಒಂದು ಗುರುತು ಹಾಕಿ, ಪೆನ್ನು ಮುಚ್ಚಿ, ಕೈ ಚಾಚಿದರು. "ಇನ್ನು ಚಿಂತೆ ಬಿಡು. ಕಾಗದ ಬರೋಕೆ ಎರಡು ವಾರ ಆಗ್ಬಹುದು, ಆದ್ರೆ ನನ್ನ ಮಾತು ಅವರು ತೆಗೆದುಹಾಕಲ್ಲ. ನೀನು ಡಾಕ್ಟರಾಗ್ತೀಯ."

ಶ್ರೀಹರಿ ಅವರ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ಎರಡು ವರ್ಷ ಮಂಚ ತಳ್ಳಿದ ಭುಜಗಳು ಆ ದೊಡ್ಡ ಕೋಟಿನೊಳಗೆ ಸಡಿಲವಾದವು. ಕಣ್ಣು ತುಂಬಿತು, ಈ ಸಲ ಚಟ್ನಿಪುಡಿಯಿಂದಲ್ಲ.

"ಹೊರದೇಶದ ಡಿಗ್ರಿಯವರಿಗೇ ಅಂತ ನಮ್ಮ ಕಾಲೇಜು ಹೊಸ ವ್ಯವಸ್ಥೆ ಮಾಡಿದೆ," ಎಂದು ಡಾಕ್ಟರು ಮುಂದುವರಿಸಿದರು. "ಒಂದು ಸೀಟು ಒಹಾಯೋದಲ್ಲಿ, ನಾಲ್ಕು ವರ್ಷವೂ ಅಲ್ಲೇ. ಇನ್ನೊಂದಕ್ಕೆ ಮೊದಲ ಎರಡು ವರ್ಷದ ಪಾಠ ಬ್ರಿಸ್ಬೇನಿನ ನಮ್ಮ ಹೊಸ ಶಾಖೆಯಲ್ಲಿ, ಆಮೇಲೆ ಒಹಾಯೋ. ನಿನ್ನನ್ನ ಯಾವುದಕ್ಕೆ ಹಾಕೋದು ಅಂತ ಬೆಳಗ್ಗೆಯಿಂದ ಯೋಚಿಸ್ತಿದ್ದೆ. ನೀನೇ ಸುಲಭ ಮಾಡ್ಬಿಟ್ಟೆ. ಬ್ರಿಸ್ಬೇನಿಗೆ ಹಾಕಿದೀನಿ. ಚಿಕ್ಕಮ್ಮ ನಿನ್ನ ರೂಮು ಹಾಗೇ ಇಟ್ಟಿದಾರಂತೆ."

ಲಾಬಿಯಲ್ಲಿ ಯಾರೋ ನಗುತ್ತಿದ್ದರು. ಶ್ರೀಹರಿಗೆ ಅದು ತನ್ನನ್ನು ನೋಡಿಯೇ ಎನಿಸಿತು. ಥ್ಯಾಂಕ್ಸ್ ಹೇಳಿದ, ಎದ್ದ, ಬಾಗಿಲವರೆಗೆ ನಡೆದ. ಬಾಗಿಲು ತಾನಾಗಿ ತೆರೆದುಕೊಂಡಿತು, ಮುಚ್ಚಿಕೊಂಡಿತು, ಮತ್ತೆ ತೆರೆದುಕೊಂಡಿತು. ಅವನು ತಿರುಗಿ ಬಂದು ಅದೇ ಕುರ್ಚಿಯಲ್ಲಿ ಕೂತ.

"ಸರ್, ಮಂಚದ ವಿಷಯ ಹೇಳಿದ್ದು ನಿಜ. ಬ್ರಿಸ್ಬೇನ್ ವಿಷಯ ಹೇಳಿದ್ದು ಸುಳ್ಳು. ಚಿಕ್ಕಮ್ಮ ಒಳ್ಳೇವ್ರು, ಆದ್ರೆ ನಂಗೆ ಇಪ್ಪತ್ತನಾಲ್ಕು ವರ್ಷ. ಒಂದೇ ಒಂದ್ಸಲ ನಾನಾಗೇ ಇದ್ದು, ನಾನಾಗೇ ಅನ್ನ ಸೀಯಿಸ್ಕೊಂಡು ತಿನ್ಬೇಕು. ಒಹಾಯೋ ಕೊಡಿ ಸರ್. ಇದಕ್ಕೆ ಸೀಟೇ ಹೋದ್ರೂ ಸರಿ."

ಡಾಕ್ಟರ್ ಗುರುದತ್ ಫೈಲನ್ನು ಮತ್ತೆ ತಮ್ಮ ಮುಂದೆ ಎಳೆದುಕೊಂಡರು. ಆಮೇಲೆ ಪೆನ್ನು ತೆರೆದು, ಮೊದಲಿನ ಗುರುತು ಹೊಡೆದುಹಾಕಿ, ಹೊಸದು ಹಾಕಿದರು.

"ಮೆಚ್ಚಿದೆ," ಎಂದರು. "ಸೀಟು ಕೈಗೆ ಬಂದ್ಮೇಲೆ ವಾಪಸ್ ಬಂದು ನಿಜ ಹೇಳೋನು ನಂಗೆ ಇಷ್ಟು ವರ್ಷದಲ್ಲಿ ಸಿಕ್ಕಿರ್ಲಿಲ್ಲ. ಒಹಾಯೋನೇ ತಗೋ. ನಿಂಗೆ ಗೊತ್ತಿರ್ಲಿ, ಇದ್ರಿಂದ ನಂಗೇ ಸಂತೋಷ. ನೀನು ಕಣ್ಣು ತೊಳೆಯೋಕೆ ಹೋದಾಗ ಚಿಕ್ಕಮ್ಮ ನನ್ನ ಹತ್ರ ಮಾತು ತಗೊಂಡಿದಾರೆ. ಒಹಾಯೋಗೆ ಬಂದ್ರೆ ಹುಡುಗ ನಮ್ಮನೇಲೇ ಇರ್ಬೇಕು ಅಂತ. ನಾನೂ ಆಗ್ಲಿ ಅಂದೆ."

"ನಿಮ್ಮನೇಲಿ?"

"ಮೇಲಿನ ರೂಮು. ಪಕ್ಕದ್ದು ನಮ್ಮಮ್ಮಂದು. ಎಂಬತ್ತೆರಡು ವರ್ಷ, ನಿದ್ದೆ ಕಡಿಮೆ. ಬೆಳಗ್ಗೆ ಐದಕ್ಕೆ ಎಬ್ಬಿಸಿ ಹಾಲು ಕೊಡ್ತಾರೆ. ಸಂಜೆ ಬಂದ ತಕ್ಷಣ ಅವತ್ತು ಓದಿದ್ದನ್ನೆಲ್ಲ ಅವರ ಮುಂದೆ ಒಪ್ಪಿಸ್ಬೇಕು. ಅವರಿಗೆ ಅರ್ಥ ಆಗಲ್ಲ, ಆದ್ರೆ ತಡವರಿಸಿದ್ರೆ ಗೊತ್ತಾಗುತ್ತೆ." ಗುರುದತ್ ಸುತ್ತಮುತ್ತ ನೋಡಿ ದನಿ ತಗ್ಗಿಸಿದರು. "ನಂಗೆ ಐವತ್ತೆಂಟಪ್ಪ. ವರ್ಷಕ್ಕೆ ಮೂರು ಕಾನ್ಫರೆನ್ಸಿಗೆ ನಾನು ಸುಮ್ಮನೆ ಬರ್ತೀನಿ ಅಂದ್ಕೊಂಡ್ಯಾ?"

ಶ್ರೀಹರಿ ಲೆಕ್ಕ ಹಾಕಿದ. ನಾಲ್ಕು ವರ್ಷ, ಬೆಳಗ್ಗೆ ಐದು ಗಂಟೆ, ಹಾಲು.

"ಸರ್," ಎಂದ ಮೆಲ್ಲಗೆ, "ಬ್ರಿಸ್ಬೇನೇ ಇರ್ಲಿ ಸರ್."

ಡಾಕ್ಟರು ಬೇಸರ ಮಾಡಿಕೊಳ್ಳದೆ ಮೂರನೇ ಸಲ ಪೆನ್ನು ತೆರೆದರು. ಗುರುತು ಹಾಕಿ, ಫೈಲು ಮುಚ್ಚಿ, ಎದ್ದು ಅವನ ಬೆನ್ನು ತಟ್ಟಿದರು.

"ಹಾಗಾದ್ರೆ ಎರಡು ವರ್ಷ ಚಿಕ್ಕಮ್ಮ," ಎಂದರು. "ಕೊನೇ ಎರಡು ವರ್ಷಕ್ಕೆ ಹೆಂಗೂ ಒಹಾಯೋಗೆ ಬರ್ತೀಯಲ್ಲ. ನಮ್ಮಮ್ಮಂಗೆ ಇವತ್ತೇ ಫೋನ್ ಮಾಡಿ ಹೇಳ್ಬಿಡ್ತೀನಿ."